ಹೊಸ ರೈಲು ಮಾರ್ಗ: ಹೂಡಿಕೆಯ ಲೆಕ್ಕ ಮತ್ತು ವರ್ತಕರ ಲಾಭ

ಕಲ್ಯಾಣ ಕರ್ನಾಟಕದ ವಾಣಿಜ್ಯವು ಹಿಂದುಳಿಯಲು ಸಾರಿಗೆಯ ಕೊರತೆಯೂ ಒಂದು ಮುಖ್ಯ ಕಾರಣವೆಂಬುದು ಅಲ್ಲಿನ ವರ್ತಕರ ಬಹುಕಾಲದ ಅಹವಾಲು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರ ತನ್ನ ವರದಿಯಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ 21 ಈ ಭಾಗಕ್ಕೇ ಸೇರಿದ್ದವು. ಇಲ್ಲಿನ ರಸ್ತೆ, ರೈಲುಗಳಿಗೆ ಸರ್ಕಾರಗಳು ಹಣವನ್ನೇ ಹೂಡಿಲ್ಲವೆಂದು ಹೇಳಲಾಗದು. ಹೂಡಿದ ಹಣ ಎಷ್ಟು ವರ್ಷಗಳ ನಂತರ, ಯಾರಿಗೆ ಫಲ ನೀಡಿತು ಎಂಬುದನ್ನು ಪರಿಶೀಲಿಸಬೇಕಾಗಿದೆ.

ಬೀದರ್–ಕಲಬುರಗಿ ಮಾರ್ಗವನ್ನೇ ನೋಡೋಣ. 110 ಕಿ.ಮೀ. ಉದ್ದದ ಈ ಮಾರ್ಗಕ್ಕೆ 1997–98ರಲ್ಲಿ ಮಂಜೂರಾತಿ ದೊರೆತಾಗ ಅಂದಾಜು ವೆಚ್ಚ ಸುಮಾರು 370 ಕೋಟಿ ರೂ. 2017ರ ಅಕ್ಟೋಬರ್ 29ರಂದು ಮಾರ್ಗ ಲೋಕಾರ್ಪಣೆಯಾಗುವ ವೇಳೆಗೆ ಅದು ಸುಮಾರು 1,542 ಕೋಟಿ ರೂ.ಗಳಿಗೆ ಏರಿತ್ತು. ಕಿ.ಮೀ. ಒಂದಕ್ಕೆ ಸುಮಾರು 3.4 ಕೋಟಿಯಿದ್ದುದು 14 ಕೋಟಿಯಾಯಿತು.

ನಾಲ್ಕು ಪಟ್ಟು ಏರಿಕೆಯೆಂದರೆ ಯಾರಿಗಾದರೂ ದುಂದುವೆಚ್ಚದ ಸಂಶಯ ಬರುವುದು ಸಹಜ. ಆದರೆ ಇದನ್ನು ಇಪ್ಪತ್ತು ವರ್ಷಗಳಿಗೆ ಹಂಚಿದರೆ ವಾರ್ಷಿಕ ಚಕ್ರದರ ಶೇ. 7.4ರಷ್ಟಾಗುತ್ತದೆ. ಆ ಅವಧಿಯ ಸಾಮಾನ್ಯ ಬೆಲೆ ಏರಿಕೆಗಿಂತ ಇದು ಬಹಳ ಹೆಚ್ಚೇನೂ ಅಲ್ಲ. ನಿಜವಾದ ನಷ್ಟ ಬೇರೆಡೆ ಇದೆ. ಮೊದಲ ವರ್ಷದಲ್ಲಿ ಮಣ್ಣು ಕೆಲಸಕ್ಕೋ ಸೇತುವೆಗೋ ವ್ಯಯಿಸಿದ 100 ರೂ.ಗಳಿಗೆ ಶೇ. 8ರ ಬಡ್ಡಿ ಹಿಡಿದರೂ ಇಪ್ಪತ್ತು ವರ್ಷಗಳಲ್ಲಿ ಅದು 466 ರೂ. ಆಗುತ್ತದೆ. ಅರ್ಧ ಕಟ್ಟಿದ ಸೇತುವೆ ಬಿಡಿಗಾಸನ್ನೂ ದುಡಿಯುವುದಿಲ್ಲ. ಇತ್ತ ಬೀದರಿನಿಂದ ಕಲಬುರಗಿಗೆ ರೈಲಿನಲ್ಲಿ ಹೋಗಬೇಕಾದವರು ವಿಕಾರಾಬಾದ್, ವಾಡಿ ಸುತ್ತಿ ಬರಬೇಕಿತ್ತು; ಇಲ್ಲವೇ ಲಾರಿ, ಬಸ್ಸುಗಳೇ ಗತಿ. ವರ್ತಕರು ಹೀಗೆ ತೆತ್ತ ಹೆಚ್ಚುವರಿ ಬಾಡಿಗೆ ಯಾವ ಸರ್ಕಾರದ ಆಯವ್ಯಯ ಪತ್ರದಲ್ಲೂ ಕಾಣಿಸದು.

ಇತರ ಮಾರ್ಗಗಳ ಕಥೆಯೂ ಇದಕ್ಕೆ ಹೊರತಲ್ಲ. ಅದೇ ಕಾಲದಲ್ಲಿ ಮಂಜೂರಾದ ಮುನಿರಾಬಾದ್–ಮೆಹಬೂಬ್‌ನಗರ ಮಾರ್ಗದಲ್ಲಿ ಭತ್ತದ ಸೀಮೆಯಾದ ಸಿಂಧನೂರಿಗೆ ರೈಲು ಬಂದುದು 2024ರ ಮಾರ್ಚ್‌ನಲ್ಲಿ. 2013–14ರಲ್ಲಿ ಒಪ್ಪಿಗೆ ಪಡೆದ ಗದಗ–ವಾಡಿ ಮಾರ್ಗಕ್ಕೆ ರಾಜ್ಯ ಸರ್ಕಾರವು ಅರ್ಧ ವೆಚ್ಚದ ಜೊತೆಗೆ ಭೂಮಿಯನ್ನೂ ಉಚಿತವಾಗಿ ಒದಗಿಸಲು ಒಪ್ಪಿತು. ತಳಕಲ್–ಕುಷ್ಟಗಿ ಭಾಗದಲ್ಲಿ 2025ರ ಮೇ ತಿಂಗಳಲ್ಲಿ ಸಂಚಾರ ಆರಂಭವಾಯಿತು.

ಸರಕು ಸಾಗಣೆಯ ತೊಡಕು

ರೈಲು ಬಂದೊಡನೆ ಸಣ್ಣ ಉದ್ದಿಮೆದಾರನ ಸಾಗಣೆ ವೆಚ್ಚ ಇಳಿದುಬಿಡುವುದೆಂಬ ನಂಬಿಕೆ ಸಾಮಾನ್ಯ. ಪ್ರಯಾಣಿಕ ಗಾಡಿಯ ಉಪಯೋಗ ಮೊದಲ ದಿನದಿಂದಲೇ ದೊರೆಯುತ್ತದೆ, ನಿಜ. ಸರಕಿನ ವಿಷಯ ಹಾಗಲ್ಲ. ರೈಲ್ವೆಯ ಮುಖ್ಯ ವ್ಯವಹಾರ ನಡೆಯುವುದು ಇಡೀ ರೇಕ್‌ಗಳ ಲೆಕ್ಕದಲ್ಲಿ. ಮುಚ್ಚಿದ ವ್ಯಾಗನ್‌ಗಳ ಒಂದು ಪೂರ್ಣ ರೇಕ್‌ನಲ್ಲಿ ಸಾಮಾನ್ಯವಾಗಿ 42 ವ್ಯಾಗನ್‌ಗಳಿದ್ದು, ಸುಮಾರು 2,500 ಟನ್ ಸರಕು ಹಿಡಿಯುತ್ತದೆ. ತೊಗರಿ ಬೇಳೆಯ 50 ಕಿಲೋ ಚೀಲಗಳಲ್ಲಿ ಹೇಳುವುದಾದರೆ 50,000 ಚೀಲ! 16 ಟನ್‌ನ ಲಾರಿಗಳಾದರೆ ನೂರೈವತ್ತಕ್ಕೂ ಹೆಚ್ಚು. ಒಂದು ಸಾಧಾರಣ ದಾಲ್ ಮಿಲ್ಲಿಗೆ ಇದು ಒಂದೇ ಬಾರಿಗೆ ಹೊಂದಿಸಲಾಗದ ಪ್ರಮಾಣ. ಮಿನಿ ರೇಕ್ ಸೌಲಭ್ಯದಲ್ಲೂ 20 ವ್ಯಾಗನ್‌ಗಳಷ್ಟು ಸರಕು ಬೇಕು. ನಿಗದಿತ ಗಂಟೆಗಳೊಳಗೆ ಭರ್ತಿ ಮಾಡದಿದ್ದರೆ ಡೆಮರೇಜ್, ಸರಕನ್ನು ಅವಧಿ ಮೀರಿ ನಿಲ್ದಾಣದಲ್ಲಿಟ್ಟರೆ ವಾರ್ಫೇಜ್ ತೆರಬೇಕಾಗುತ್ತದೆ.

ಆದ್ದರಿಂದ ಹಲವು ಮಿಲ್ಲುಗಳು ಕೂಡಿ, ಒಂದೇ ಊರಿನ ಖರೀದಿದಾರರಿಗಾಗಿ ರೇಕ್ ಕಾಯ್ದಿರಿಸುವುದು ಲಾಭಕರ. ಇದಕ್ಕೆ ಮಳೆಯಲ್ಲಿ ನೆನೆಯದ ಗೂಡ್ಸ್ ಶೆಡ್, ಲಾರಿ ತಿರುಗುವಷ್ಟು ಅಂಗಳ, ರಾತ್ರಿ ದೀಪ, ಹಮಾಲರ ಲಭ್ಯತೆ ಎಲ್ಲವೂ ಇರಬೇಕು. ಗೋದಾಮಿನಿಂದ ನಿಲ್ದಾಣಕ್ಕೆ ಲಾರಿ ಬಾಡಿಗೆ, ಎರಡು ಬಾರಿಯ ಹೆಚ್ಚುವರಿ ಹಮಾಲಿ, ಚೀಲ ಹರಿದ ನಷ್ಟ ಇವನ್ನು ಸೇರಿಸದೆ ರೈಲ್ವೆ ದರವನ್ನು ಲಾರಿ ದರದೊಡನೆ ಹೋಲಿಸುವುದು ತಪ್ಪು ಲೆಕ್ಕ. ಹತ್ತಿರದ ಊರುಗಳಿಗೆ ಲಾರಿಯೇ ಅಗ್ಗವಾಗುವುದು ಈ ಕಾರಣಕ್ಕೆ. ತೆರಿಗೆಯಿಂದ ವ್ಯತ್ಯಾಸವೇನೂ ಆಗದು: 2017ರಲ್ಲಿ ಜಿಎಸ್‌ಟಿ ಜಾರಿಯಾದಾಗಲೇ ಅಕ್ಕಿ, ಬೇಳೆಕಾಳುಗಳ ಸಾಗಣೆಗೆ ರೈಲು, ಸರಕು ಸಾಗಣೆ ಏಜೆನ್ಸಿ ಎರಡಕ್ಕೂ ವಿನಾಯಿತಿ ನೀಡಲಾಗಿತ್ತು.

ಹಳ್ಳಿಯಿಂದ ಮಿಲ್ಲಿನವರೆಗಿನ ದಾರಿಯ ಮಾತು ಬೇರೆ. 2000ದ ಡಿಸೆಂಬರ್‌ನಲ್ಲಿ ಆರಂಭವಾದ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯಡಿ ನಿರ್ಮಿಸಿದ ರಸ್ತೆಗೆ ಗುತ್ತಿಗೆದಾರನೇ ಐದು ವರ್ಷ ನಿರ್ವಹಣೆ ಮಾಡಬೇಕು. ಆ ಬಳಿಕ ಹೊಣೆ ರಾಜ್ಯದ್ದು. ಕಪ್ಪು ಮಣ್ಣಿನ ನೆಲದಲ್ಲಿ ರಸ್ತೆ ಬಿರಿಯುವುದೂ ಬಹುಮಟ್ಟಿಗೆ ಆಗಲೇ.

ಗೂಡ್ಸ್ ಶೆಡ್‌ಗೆ ಬೇಡಿಕೆ ಸಲ್ಲಿಸುವಾಗ ಮನವಿ ಪತ್ರವೊಂದೇ ಸಾಲದು. ರೈಲ್ವೆಯು ಮೊದಲು ಕೇಳುವುದು ಎಷ್ಟು ಟನ್, ಯಾವ ಊರಿಗೆ, ಯಾವ ತಿಂಗಳಲ್ಲಿ ಎಂಬ ಅಂಕಿಅಂಶ. ಅದು ಪ್ರತಿ ವರ್ತಕನ ಮಾರಾಟದ ಬಿಲ್ಲು ಹಾಗೂ ಲಾರಿ ರಸೀದಿಗಳಲ್ಲಿ ಈಗಾಗಲೇ ಇದೆ. ಕಳೆದ ಮೂರು ವರ್ಷಗಳದ್ದನ್ನು ಊರುವಾರು, ತಿಂಗಳುವಾರು ಕ್ರೋಡೀಕರಿಸಿ ಸಂಘದ ಮೂಲಕ ವಿಭಾಗೀಯ ರೈಲ್ವೆ ಕಚೇರಿಗೆ ಸಲ್ಲಿಸುವುದು ಸೂಕ್ತ.