ಖಜಾನೆಯ ಕೊರತೆಯೂ ಕಾವಲುಗಾರರ ವೇತನವೂ: ಮೈಸೂರಿನ ನಿದರ್ಶನ

ಆಯವ್ಯಯದಲ್ಲಿ ಕೊರತೆಯುಂಟಾದಾಗ ಪ್ರಭುತ್ವವು ಯಾವ ವೆಚ್ಚವನ್ನು ಮೊದಲು ತಗ್ಗಿಸುವುದೆಂಬುದು ಕೇವಲ ಲೆಕ್ಕಪತ್ರದ ವಿಚಾರವಲ್ಲ. ಸೇತುವೆಯ ಕೆಲಸವನ್ನು ಒಂದು ವರ್ಷ ನಿಲ್ಲಿಸಿದರೆ ಸೇತುವೆಯು ತಡವಾಗುವುದು, ಅಷ್ಟೆ. ಕಾವಲುಗಾರನ ಸಂಬಳವನ್ನು ನಿಲ್ಲಿಸಿದರೆ ಆತನು ಆಯುಧದೊಡನೆ ಹಸಿದು ನಿಲ್ಲುವನು. ಈ ಎರಡನೆಯದರ ಪರಿಣಾಮವನ್ನು ಮೈಸೂರಿನ ಚರಿತ್ರೆಯು ವಿಶದವಾಗಿ ತೋರಿಸುತ್ತದೆ.

ಕಾವಲಿನ ವೃತ್ತಿಯು ಕನ್ನಡನಾಡಿನಲ್ಲಿ ಬಹು ಪ್ರಾಚೀನವಾದುದು. ವಡ್ಡಾರಾಧನೆಯ ವಿದ್ಯುಚ್ಚೋರನ ಕಥೆಯಲ್ಲಿ ಬರುವ ತಳಾಱನು ನಗರವನ್ನು ಕಾಯುವ ಅಧಿಕಾರಿ. ಆ ಶಬ್ದವೇ ಮುಂದೆ ತಳವಾರ ಎಂಬ ರೂಪದಲ್ಲಿ ಗ್ರಾಮಸೇವಕನ ಹೆಸರಾಗಿ ಉಳಿದುಬಂದಿತು. ಗ್ರಾಮದ ತಳವಾರ, ತೋಟಿ ಮೊದಲಾದವರಿಗೆ ಮಾನ್ಯದ ಭೂಮಿಯೂ ಸುಗ್ಗಿಯಲ್ಲಿ ಕಣದಿಂದ ಸಲ್ಲುವ ಧಾನ್ಯದ ಆಯವೂ ಜೀವನಾಧಾರವಾಗಿದ್ದುವು. ಆದುದರಿಂದ ಅರಸನ ಖಜಾನೆಯು ಬರಿದಾದರೂ ಇವರ ಅನ್ನಕ್ಕೆ ಒಡನೆಯೇ ಸಂಚಕಾರವಿರಲಿಲ್ಲ. ಮಳೆ ತಪ್ಪಿದಾಗ ಮಾತ್ರ ಊರಿನೊಡನೆ ಇವರೂ ಹಸಿಯುತ್ತಿದ್ದರು. ಆದರೆ ಈ ಭದ್ರತೆಯು ವಂಶಪಾರಂಪರ್ಯದ ಬಂಧನವೂ ಆಗಿದ್ದಿತೆಂಬುದನ್ನು ಮರೆಯಲಾಗದು. ೧೯೬೧ರ ಗ್ರಾಮಾಧಿಕಾರಗಳ ನಿರಸನ ಅಧಿನಿಯಮದಿಂದ ಈ ಪದ್ಧತಿಯು ಕೊನೆಗೊಂಡಿತು.

ನಗದು ಸಂಬಳದ ಕಾವಲಿನ ಸ್ಥಿತಿ ಬೇರೆ. ೧೭೯೯ರಲ್ಲಿ ಶ್ರೀರಂಗಪಟ್ಟಣವು ಪತನವಾದಾಗ ಟೀಪು ಸುಲ್ತಾನನ ಸೈನ್ಯದಲ್ಲಿದ್ದ ಬಹುಸಂಖ್ಯೆಯ ಯೋಧರು ಉದ್ಯೋಗಹೀನರಾದರು. ಶಸ್ತ್ರವನ್ನು ಬಲ್ಲವರು ಅನ್ನವಿಲ್ಲದೆ ಅಲೆದರೆ ದೇಶಕ್ಕೆ ಅಪಾಯವೆಂಬುದನ್ನು ದಿವಾನ್ ಪೂರ್ಣಯ್ಯನವರು ಅರಿತಿದ್ದರು. ಇಂಥವರಿಗೆ ಕಂದಾಚಾರವೆಂಬ ಇಲಾಖೆಯಲ್ಲಿ ಆಶ್ರಯ ದೊರೆಯಿತು. ಕಂದಾಚಾರದ ಪ್ಯಾದೆಗಳಿಗೆ ಸಂಬಳವು ಅಂಶತಃ ಭೂಮಿಯ ರೂಪದಲ್ಲಿಯೂ ಅಂಶತಃ ಹಣದ ರೂಪದಲ್ಲಿಯೂ ಸಲ್ಲುತ್ತಿದ್ದಿತು. ಕಾವಲು, ಕಂದಾಯದ ವಸೂಲಿಗೆ ನೆರವು, ಇವೆರಡೂ ಅವರ ಕೆಲಸವಾಗಿದ್ದುವು. ಖಜಾನೆಗೆ ಇದು ವೆಚ್ಚವೇ ಸರಿ. ಆದರೆ ದರೋಡೆಯನ್ನು ಅಡಗಿಸಲು ತಗಲುವ ವೆಚ್ಚಕ್ಕಿಂತ ಕಡಮೆಯಾದುದು.

ಪೂರ್ಣಯ್ಯನವರು ೧೮೧೧ರಲ್ಲಿ ಅಧಿಕಾರವನ್ನು ಬಿಟ್ಟುಕೊಟ್ಟಾಗ ಖಜಾನೆಯಲ್ಲಿ ಎರಡು ಕೋಟಿ ರೂಪಾಯಿಗಳಿಗೂ ಮಿಕ್ಕ ಧನವಿದ್ದಿತೆಂದು ಚರಿತ್ರಕಾರರು ಹೇಳುತ್ತಾರೆ. ಮುಮ್ಮಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಈ ಸಂಚಯವು ಕೆಲವೇ ವರ್ಷಗಳಲ್ಲಿ ಕರಗಿತು. ಇಂಗ್ಲಿಷರಿಗೆ ವರ್ಷಂಪ್ರತಿ ಸಲ್ಲಬೇಕಾದ ೨೪॥ ಲಕ್ಷ ರೂಪಾಯಿಗಳ ಪೊಗದಿಯು ಮಾತ್ರ ಕಡಮೆಯಾಗಲಿಲ್ಲ. ಇಷ್ಟು ಹುಟ್ಟುವಳಿಯನ್ನು ತಂದೇ ತರುವೆವೆಂದು ಅಮಲ್ದಾರರಿಂದ ಮುಚ್ಚಳಿಕೆ ಪಡೆಯುವ ಶರತ್ತಿನ ಪದ್ಧತಿಯು ಬಳಕೆಗೆ ಬಂದು ರೈತರ ಮೇಲಣ ಹೊರೆಯು ಹೆಚ್ಚಿತು. ಮದರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ ೧೮೨೫ರಲ್ಲಿ ಮೈಸೂರಿಗೆ ಬಂದು ಎಚ್ಚರಿಕೆ ನೀಡಿದುದೂ ನಿಷ್ಫಲವಾಯಿತು.

ಈ ಕಾಲದಲ್ಲಿ ಸಿಪಾಯಿಗಳನ್ನು ಕೆಲಸದಿಂದ ತೆಗೆಯುವುದಕ್ಕೆ ಮುಂಚೆಯೇ ಅವರ ಸಂಬಳವು ಬಾಕಿ ಬಿದ್ದಿತು. ಬರತರಫು, ಬಾಕಿ ಎಂಬ ಎರಡು ಶಬ್ದಗಳ ಭೇದವು ಇಲ್ಲಿ ಗಮನಾರ್ಹ. ಎರಡೂ ದಫ್ತರದ ಭಾಷೆಯಿಂದ ಕನ್ನಡಕ್ಕೆ ಬಂದವು. ಬರತರಫಾದವನು ತನಗೆ ಕೆಲಸವಿಲ್ಲವೆಂದು ಬಲ್ಲನು. ಅವನು ಬೇರೆ ದಾರಿಯನ್ನು ಹುಡುಕಬಹುದು. ಬಾಕಿಯವನಿಗೆ ಕೆಲಸವುಂಟು, ಕೂಲಿಯಿಲ್ಲ. ಆಜ್ಞೆಯಿಲ್ಲದ ಬರತರಫೇ ಬಾಕಿ. ಅಂಥವನು ತನ್ನ ಅಧಿಕಾರದಿಂದಲೇ ಹೊಟ್ಟೆ ಹೊರೆಯಲು ತೊಡಗುವನು. ನಗರ ಸೀಮೆಯ ದಂಗೆಯಾದ ಮೇಲೆ ೧೮೩೧ರ ಸೆಪ್ಟೆಂಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕನು ಮಹಾರಾಜರಿಗೆ ಬರೆದ ಪತ್ರದಲ್ಲಿ, ಸಂಬಳ ಕಾಣದ ಸಂಸ್ಥಾನದ ಸೈನಿಕರು ರೈತರ ಮನೆಗಳಲ್ಲಿ ಬಿಟ್ಟಿಯಾಗಿ ಉಂಡು ಬದುಕುತ್ತಿರುವರೆಂಬ ಆರೋಪವೂ ಒಂದಾಗಿದ್ದಿತು. ಅಕ್ಟೋಬರಿನಲ್ಲಿ ರಾಜ್ಯಾಧಿಕಾರವೇ ಕೈತಪ್ಪಿತು. ಐವತ್ತು ವರ್ಷಗಳ ವರೆಗೆ ಅದು ಅರಸು ಮನೆತನಕ್ಕೆ ಮರಳಲಿಲ್ಲ. ಇಂಗ್ಲಿಷರ ಸ್ವಾರ್ಥವು ಈ ಆರೋಪಗಳನ್ನು ಬಳಸಿಕೊಂಡಿತೆಂಬುದು ನಿಜ. ಆದರೆ ಆರೋಪಕ್ಕೆ ಎಡೆಗೊಟ್ಟುದು ಸಲ್ಲದ ಸಂಬಳವೇ.

೧೮೮೧ರಲ್ಲಿ ರಾಜ್ಯವು ಮರಳಿ ಬಂದಾಗ ಕೊರತೆಯು ಹಿಂದಿನದಕ್ಕಿಂತಲೂ ಘೋರವಾಗಿದ್ದಿತು. ೧೮೭೬-೭೮ರ ಧಾತು ಈಶ್ವರ ಸಂವತ್ಸರಗಳ ಕ್ಷಾಮದಲ್ಲಿ ಸಂಸ್ಥಾನವು ಸುಮಾರು ಹತ್ತು ಲಕ್ಷ ಪ್ರಜೆಗಳನ್ನು ಕಳೆದುಕೊಂಡಿದ್ದಿತು. ಖಜಾನೆಯಲ್ಲಿ ಉಳಿಸಿದ್ದ ೬೩ ಲಕ್ಷ ರೂಪಾಯಿಗಳು ವೆಚ್ಚವಾಗಿ, ೮೦ ಲಕ್ಷ ರೂಪಾಯಿಗಳ ಸಾಲವು ನಿಂತಿದ್ದಿತು. ದಿವಾನ್ ರಂಗಾಚಾರ್ಲು ಅವರು ಅನುಸರಿಸಿದ ಮಾರ್ಗವು ಎರಡು ವಿಷಯಗಳಲ್ಲಿ ಭಿನ್ನ. ಮೊದಲನೆಯದು, ಕಡಿತವು ಆಡಳಿತದ ಮೇಲಂತಸ್ತನ್ನೂ ಮುಟ್ಟಿತು: ಹಾಸನ, ಚಿತ್ರದುರ್ಗ ಜಿಲ್ಲೆಗಳನ್ನು ಉಪವಿಭಾಗಗಳಿಗೆ ಇಳಿಸಲಾಯಿತು, ೧೮೮೬ರಲ್ಲಿ, ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಅವು ಮತ್ತೆ ಜಿಲ್ಲೆಗಳಾದುವು. ಎರಡನೆಯದು, ಸಂಸ್ಥಾನದ ಸ್ಥಿತಿಯನ್ನು ೧೮೮೧ರ ಅಕ್ಟೋಬರ್ ೭ರಂದು ಮೈಸೂರು ನಗರದಲ್ಲಿ ಸೇರಿದ ಪ್ರಜಾಪ್ರತಿನಿಧಿ ಸಭೆಯ ೧೪೪ ಸದಸ್ಯರ ಮುಂದೆ ಇಡಲಾಯಿತು. ಪೊಗದಿಯನ್ನು ೩೫ ಲಕ್ಷಕ್ಕೆ ಏರಿಸುವ ಕರಾರು ೧೮೯೬ರ ವರೆಗೆ ಮುಂದೂಡಲ್ಪಟ್ಟುದೂ ಸಂಸ್ಥಾನಕ್ಕೆ ಉಸಿರಾಡಲು ಎಡೆಗೊಟ್ಟಿತು.

ಇಂದಿನ ಮೈಸೂರು ನಗರದಲ್ಲಿ ಈ ಪ್ರಶ್ನೆಯ ರೂಪವು ಬದಲಾಗಿದೆ. ಸಂವಿಧಾನದ ಏಳನೆಯ ಅನುಸೂಚಿಯಂತೆ ಪೊಲೀಸು ರಾಜ್ಯಸರಕಾರದ ವಿಷಯ. ೧೯೯೨ರ ೭೪ನೆಯ ತಿದ್ದುಪಡಿಯಿಂದ ಬಂದ ಹನ್ನೆರಡನೆಯ ಅನುಸೂಚಿಯು ಅಗ್ನಿಶಾಮಕ ಸೇವೆಯನ್ನು ನಗರಾಡಳಿತದ ವಿಷಯಗಳಲ್ಲಿ ಹೆಸರಿಸಿದ್ದರೂ, ಕರ್ನಾಟಕದಲ್ಲಿ ಅದು ೧೯೬೪ರ ಅಧಿನಿಯಮದ ಮೇರೆಗೆ ರಾಜ್ಯದ ಇಲಾಖೆಯಾಗಿದೆ. ಆದುದರಿಂದ ನಗರಪಾಲಿಕೆಯ ಕೊರತೆಯಿಂದ ಪೊಲೀಸರು ಬರತರಫಾಗುವ ಸಂಭವವಿಲ್ಲ. ಅಮೆರಿಕದಲ್ಲಿ ಹೀಗಿಲ್ಲ: ಅಲ್ಲಿ ನಗರವೇ ಸಂಬಳ ಕೊಡುವುದರಿಂದ ೧೯೭೫ರ ಜುಲೈಯಲ್ಲಿ ನ್ಯೂಯಾರ್ಕು ಸುಮಾರು ೫,೦೦೦ ಪೊಲೀಸರನ್ನು ತೆಗೆದುಹಾಕಿತು, ೨೦೧೧ರಲ್ಲಿ ಕ್ಯಾಮ್ಡೆನ್ ನಗರವು ತನ್ನ ಪಡೆಯ ಅರ್ಧದಷ್ಟನ್ನು ಕಳೆದುಕೊಂಡಿತು.

ಆದರೆ ಮೈಸೂರಿನಲ್ಲಿ ಹೊರೆಯು ಇಲ್ಲವಾಗಲಿಲ್ಲ, ಬೇರೆಡೆಗೆ ಸರಿಯಿತು. ನಗರದ ಆದಾಯಕ್ಕೆ ಆಧಾರವಾಗಿದ್ದ ಆಕ್ಟ್ರಾಯ್ ಸುಂಕವು ೧೯೭೯ರಲ್ಲಿ ರದ್ದಾದ ಮೇಲೆ ಆಸ್ತಿತೆರಿಗೆಯ ಮೇಲೂ ಸರಕಾರದ ಅನುದಾನದ ಮೇಲೂ ಅವಲಂಬನೆಯು ಹೆಚ್ಚಿತು. ಊರನ್ನು ರೋಗದಿಂದ ಕಾಯುವವರು ಪೌರಕಾರ್ಮಿಕರು. ೨೦೧೬ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೈಸೂರಿಗೆ ಪ್ರಥಮ ಸ್ಥಾನವನ್ನು ತಂದುದು ಇವರ ದುಡಿಮೆ. ಇವರಲ್ಲಿ ಬಹುಮಂದಿ ಗುತ್ತಿಗೆದಾರರ ಕೈಕೆಳಗಿದ್ದರು. ೨೦೧೭ರಲ್ಲಿ ಸರಕಾರವು ಗುತ್ತಿಗೆಯನ್ನು ಕೈಬಿಟ್ಟು ನೇರವಾಗಿ ವೇತನ ಸಲ್ಲಿಸುವ ವ್ಯವಸ್ಥೆಗೆ ತೊಡಗಿತು. ಪೊಲೀಸನಿಗಿರುವ ಭದ್ರತೆಯು ಗುತ್ತಿಗೆಯ ಕಾರ್ಮಿಕನಿಗಿಲ್ಲ. ಕೊರತೆಯು ಅವನನ್ನು ಬಾಕಿಯ ರೂಪದಲ್ಲಿಯೇ ಮುಟ್ಟುವುದು.

ಈ ನಿದರ್ಶನಗಳಿಂದ ತಿಳಿಯುವುದಿಷ್ಟು. ಕೊರತೆಯು ಎಲ್ಲ ಕಾಲದಲ್ಲಿಯೂ ಬರುವುದು. ಅದನ್ನು ಲೆಕ್ಕದಲ್ಲಿ ತೆರೆದು ತೋರಿಸಿ ಮೇಲಿನಿಂದಲೂ ಕಡಿತವನ್ನು ಆರಂಭಿಸಿದ ಆಡಳಿತವು ಚೇತರಿಸಿಕೊಂಡಿತು. ಕಾಯುವವರ ಬಾಕಿಯಲ್ಲಿ ಅದನ್ನು ಅಡಗಿಸಿಟ್ಟ ಆಡಳಿತವು ಹಣವನ್ನು ಉಳಿಸಲಿಲ್ಲ. ಆ ಸಾಲವನ್ನು ಕಡೆಗೆ ತೀರಿಸಿದವರು ರೈತರು.