ನಿಮಗಿದು ಗೊತ್ತೇ? ಉಮ್ಮತ್ತೂರಿನಿಂದ ಕಡಲಾಚೆಗೆ ಹೊರಡುವವರಿಗೆ

ನಂಜನಗೂಡು ದಾಟಿ ಮೈಸೂರಿಗೆ ಹೋಗುವಾಗ ಮಂಡಕಳ್ಳಿಯ ವಿಮಾನ ನಿಲ್ದಾಣ ರಸ್ತೆ ಬದಿಯಲ್ಲೇ ಕಾಣುತ್ತದೆ. ಆದರೆ ಅಲ್ಲಿಂದ ವಿದೇಶಕ್ಕೆ ವಿಮಾನವಿಲ್ಲ. ಉಮ್ಮತ್ತೂರು, ಸಂತೇಮರಹಳ್ಳಿ, ಗುಂಡ್ಲುಪೇಟೆ ಕಡೆಯವರು ದುಬೈಗೋ ಸಿಂಗಪುರಕ್ಕೋ ಹೊರಟರೆ ದೇವನಹಳ್ಳಿಗೆ ಹೋಗಬೇಕು, ಇಲ್ಲವೇ ಕಾಡು ದಾಟಿ ಕಲ್ಲಿಕೋಟೆಯ ಕರಿಪುರಕ್ಕೋ ಕೊಯಮತ್ತೂರಿಗೋ ಇಳಿಯಬೇಕು. ಮೊದಲ ಸಲ ಹೊರಟವರಿಗೆ ಬರುವ ತೊಡಕುಗಳಲ್ಲಿ ಮುಕ್ಕಾಲು ಪಾಲು ಮನೆಯ ಹೊಸ್ತಿಲು ದಾಟುವ ಮೊದಲೇ ಹುಟ್ಟಿರುತ್ತವೆ. ಶಾಲೆಯಲ್ಲಿ ಬರೆಸಿದ ಹೆಸರು, ಅಮ್ಮ ಕಟ್ಟಿಕೊಟ್ಟ ಗಂಟು, ಮನೆ ಬಿಟ್ಟ ಹೊತ್ತು ಇವೇ ಕಾರಣ. ಹಾಗಾಗಿ ಈ ಸಲ ಅವುಗಳ ಸುತ್ತಲೇ ಒಂದಿಷ್ಟು ಸಂಗತಿ.

ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ ಎಂಬುದು ಗುಂಡ್ಲುಪೇಟೆಯಲ್ಲಿ ಯಾರಿಗೆ ಗೊತ್ತಿಲ್ಲ? 2009ರಲ್ಲಿ ಬಂದ ನಿಯಮ ಅದು. ಆದರೂ ವಿಮಾನದ ಟಿಕೆಟ್ ಕೊಳ್ಳುವಾಗ ಅದೇ ಮರೆತುಹೋಗುತ್ತದೆ. ಕರಿಪುರದಿಂದ ಬೆಳಗಿನ ವಿಮಾನವಿದ್ದರೆ ಹಿಂದಿನ ದಿನ ಬೆಳಕಿರುವಾಗಲೇ ಮದ್ದೂರು ಚೆಕ್‌ಪೋಸ್ಟ್ ದಾಟಿ, ಸುಲ್ತಾನ್ ಬತ್ತೇರಿ ಕಡೆ ಎಲ್ಲಾದರೂ ಉಳಿದುಕೊಳ್ಳುವುದು ಒಳ್ಳೆಯದು. ಅದರ ಮುಂದೆ ತಾಮರಶ್ಶೇರಿ ಘಾಟಿಯಲ್ಲಿ ಲಾರಿಗಳು ಸಿಕ್ಕಿಕೊಂಡರೆ ಗಂಟೆಗಟ್ಟಲೆ ನಿಲ್ಲಬೇಕಾಗುತ್ತದೆ. ಹುಣಸೂರು, ಗೋಣಿಕೊಪ್ಪ, ಕುಟ್ಟ ಮೂಲಕ ಸುತ್ತುದಾರಿ ಇದೆ, ಆದರೆ ತುಂಬಾ ದೂರ. ಚಾಮರಾಜನಗರದಿಂದ ಕೊಯಮತ್ತೂರಿಗೆ ಇಳಿಯುವ ದಿಂಬಂ ಘಾಟಿಯ 27 ತಿರುವುಗಳಲ್ಲೂ 2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧ ಇದೆ. ಆನೆ, ಜಿಂಕೆಗಳ ಜೀವ ಉಳಿಸುವ ನಿಯಮಗಳಿವು, ಇರಬೇಕಾದವೇ. ವಿಮಾನದ ಹೊತ್ತನ್ನು ಕಾಡಿನ ಹೊತ್ತಿಗೆ ಹೊಂದಿಸಿಕೊಳ್ಳಬೇಕಾದವರು ನಾವು.

ದೇವನಹಳ್ಳಿಯಲ್ಲಿ ಎರಡು ಟರ್ಮಿನಲ್‌ಗಳಿವೆ. 2023ರ ಸೆಪ್ಟೆಂಬರ್ 12ರಿಂದ ವಿದೇಶದ ವಿಮಾನಗಳೆಲ್ಲ ಎರಡನೆಯದರಿಂದಲೇ ಹೊರಡುತ್ತವೆ. ಮೈಸೂರಿನಿಂದ ಸಾರಿಗೆ ಸಂಸ್ಥೆಯ ಫ್ಲೈಬಸ್ ನೇರವಾಗಿ ನಿಲ್ದಾಣಕ್ಕೇ ಹೋಗುವುದರಿಂದ ಮೆಜೆಸ್ಟಿಕ್‌ನಲ್ಲಿ ಗಂಟುಮೂಟೆ ಹೊತ್ತು ಬಸ್ ಬದಲಿಸುವ ಕಷ್ಟವಿಲ್ಲ. ವಿಮಾನದ ಹೊತ್ತಿಗಿಂತ ಮೂರು ಗಂಟೆ ಮೊದಲೇ ಅಲ್ಲಿರಿ. ಸಾಮಾನು ಕೊಡುವ ಕೌಂಟರು ಸುಮಾರು ಒಂದು ಗಂಟೆ ಮುಂಚೆಯೇ ಮುಚ್ಚುತ್ತದೆ, ಆಮೇಲೆ ಎಷ್ಟು ಬೇಡಿಕೊಂಡರೂ ತೆರೆಯುವುದಿಲ್ಲ.

ಇನ್ನು ಹೆಸರಿನ ವಿಷಯ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನಮ್ಮ ಜಿಲ್ಲೆಯಲ್ಲಿ ಮಹದೇವಸ್ವಾಮಿ, ಸಿದ್ದರಾಜು, ಪುಟ್ಟಮಾದಮ್ಮ ಅಂದರೆ ಅಷ್ಟೇ ಹೆಸರು. ಹಿಂದೆಯೋ ಮುಂದೆಯೋ ಒಂದು ಇನಿಷಿಯಲ್. ಮನೆತನದ ಹೆಸರು ಬರೆಯುವ ರೂಢಿ ಇಲ್ಲ. ಹೀಗಾಗಿ ಪಾಸ್‌ಪೋರ್ಟಿನಲ್ಲಿ ‘ಸರ್‌ನೇಮ್’ ಎಂಬ ಜಾಗ ಎಷ್ಟೋ ಜನರಿಗೆ ಖಾಲಿ ಉಳಿದಿದೆ. ಯುಎಇ ಸರ್ಕಾರ 2022ರ ನವೆಂಬರ್ 21ರಿಂದ ಹೀಗೆ ಒಂದೇ ಹೆಸರಿರುವ ಪಾಸ್‌ಪೋರ್ಟಿಗೆ ಭೇಟಿ ವೀಸಾದಲ್ಲಿ ಪ್ರವೇಶವಿಲ್ಲ ಎಂದಿತು. ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಒಪ್ಪುತ್ತೇವೆ ಎಂಬ ಸ್ಪಷ್ಟನೆ ಆಮೇಲೆ ಬಂತು. ಅಮೆರಿಕದವರದು ಬೇರೆ ಕ್ರಮ. ಒಂದೇ ಹೆಸರಿದ್ದವರಿಗೆ ಅದನ್ನೇ ಸರ್‌ನೇಮ್ ಎಂದು ಹಿಡಿದು, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ವೀಸಾದಲ್ಲಿ ಅಚ್ಚು ಹಾಕುತ್ತಾರೆ. ಹೆಸರು ಗೊತ್ತಿಲ್ಲ ಎಂಬುದರ ಗುರುತು ಅದು.

ಹೊಸದಾಗಿ ಪಾಸ್‌ಪೋರ್ಟಿಗೆ ಅರ್ಜಿ ಹಾಕುವವರು ಇನಿಷಿಯಲ್ ಬಿಡಿಸಿ ಪೂರ್ತಿ ಬರೆಯಿರಿ. ತಂದೆಯ ಹೆಸರನ್ನೋ ಊರಿನ ಹೆಸರನ್ನೋ ಸರ್‌ನೇಮ್ ಮಾಡಿಕೊಳ್ಳುವುದಾದರೆ ಆಧಾರ್‌ನಲ್ಲೂ ಅಂಕಪಟ್ಟಿಯಲ್ಲೂ ಹೊಂದಿಕೆಯಾಗುವ ಹಾಗೆ ಮೊದಲೇ ಸರಿಪಡಿಸಿಕೊಳ್ಳಿ. ಟಿಕೆಟ್ಟಿನ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ಅಕ್ಷರ ಅಕ್ಷರವೂ ಸರಿಹೋಗಬೇಕು. ವಿಮಾನ ಸಂಸ್ಥೆಯಿಂದಲೇ ಟಿಕೆಟ್ ಕೊಂಡಿದ್ದರೆ 24 ಗಂಟೆಯೊಳಗೆ ತಿಳಿಸಿದ ಹೆಸರಿನ ತಪ್ಪನ್ನು ಹಣ ಪಡೆಯದೆ ತಿದ್ದಿಕೊಡಬೇಕು.

ಅಂದ ಹಾಗೆ, ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವೆ ಕೊಡುವ ಯೋಜನೆ ದೇಶದಲ್ಲಿ ಮೊದಲು ಶುರುವಾದ ಎರಡು ಊರುಗಳಲ್ಲಿ ಮೈಸೂರು ಒಂದು. 2017ರ ಜನವರಿ 25ರಂದು ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ ಒಂದೇ ದಿನ ತೆರೆದರು. ಅದಕ್ಕೂ ಮುಂಚೆ ನಮ್ಮವರು ಇದಕ್ಕಾಗಿ ಬೆಂಗಳೂರಿಗೆ ಓಡಾಡಬೇಕಿತ್ತು. ಪಾಸ್‌ಪೋರ್ಟಿನ ಅವಧಿ ಇನ್ನೂ ಆರು ತಿಂಗಳಾದರೂ ಉಳಿದಿರಬೇಕು ಎಂದು ಬಹಳ ದೇಶಗಳು ಕೇಳುತ್ತವೆ. ಮಕ್ಕಳ ಪಾಸ್‌ಪೋರ್ಟು ಐದೇ ವರ್ಷಕ್ಕೆ ಮುಗಿಯುವುದರಿಂದ ಅದನ್ನು ಮೊದಲು ನೋಡಿ.

ಗಂಟು ಬಿಚ್ಚೋಣ. ಹಬ್ಬದ ಪಾಯಸದ ಗಸಗಸೆ ಇದೆಯೇ? ತೆಗೆದು ಡಬ್ಬಿಗೆ ವಾಪಸು ಹಾಕಿ. ಯುಎಇ, ಸೌದಿ ಅರೇಬಿಯಾಗಳಲ್ಲಿ ಗಸಗಸೆಯನ್ನು ಮಾದಕ ವಸ್ತುವಿನ ಸಾಲಿಗೆ ಸೇರಿಸಿದ್ದಾರೆ, ಸಿಂಗಪುರದಲ್ಲೂ ಕಟ್ಟುನಿಟ್ಟಿದೆ. ಅಫೀಮಿನ ಗಿಡದ ಬೀಜವೇ ಗಸಗಸೆಯಾಗಿರುವುದು ಇದಕ್ಕೆ ಕಾರಣ. ಅಡುಗೆಗೆ ತಂದೆ ಎಂದರೆ ಅಲ್ಲಿ ನಡೆಯುವುದಿಲ್ಲ, ಜೈಲೇ ಆಗಬಹುದು. ವೀಳ್ಯದೆಲೆಯೂ ದುಬೈ ಕಸ್ಟಮ್ಸ್‌ನ ನಿಷೇಧದ ಪಟ್ಟಿಯಲ್ಲಿದೆ. ಮೈಸೂರು ವೀಳ್ಯದೆಲೆಗೆ ಎಷ್ಟೇ ಹೆಸರಿದ್ದರೂ ಅಲ್ಲಿಗೆ ಬೇಡ.

ಕೊಬ್ಬರಿ ಗಿಟುಕು? ಅದೂ ಬೇಡ. ಒಣ ಕೊಬ್ಬರಿಯಲ್ಲಿ ಎಣ್ಣೆಯ ಅಂಶ ಹೆಚ್ಚು, ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ಸರಕುಗಳ ಗುಂಪಿನಲ್ಲಿ ಅದನ್ನು ಇಟ್ಟಿದ್ದಾರೆ. 2022ರಿಂದ ನಮ್ಮ ನಿಲ್ದಾಣಗಳಲ್ಲೂ ಚೆಕ್-ಇನ್ ಸಾಮಾನಿನಿಂದ ಅದನ್ನು ತೆಗೆಸುತ್ತಾರೆ. ಉಪ್ಪಿನಕಾಯಿ, ಖಾರದ ಪುಡಿ ಕೈಚೀಲದಲ್ಲಿ ಬೇಡ, ಬಿಗಿಯಾಗಿ ಕಟ್ಟಿ ದೊಡ್ಡ ಸೂಟ್‌ಕೇಸಿಗೆ ಹಾಕಿ. ತುಪ್ಪ ಗಟ್ಟಿಯಾಗಿದ್ದರೂ ಭದ್ರತಾ ತಪಾಸಣೆಯವರ ಲೆಕ್ಕದಲ್ಲಿ ದ್ರವವೇ. ಕೈಚೀಲದಲ್ಲಿ 100 ಮಿಲಿಗಿಂತ ದೊಡ್ಡ ಬಾಟಲಿ ಬಿಡುವುದಿಲ್ಲ, ಅರ್ಧ ತುಂಬಿದ್ದರೂ ಬಾಟಲಿಯ ಅಳತೆಯನ್ನೇ ನೋಡುತ್ತಾರೆ.

ಗುಂಡ್ಲುಪೇಟೆಯ ಅರಿಶಿನ ಆಸ್ಟ್ರೇಲಿಯಾದಲ್ಲಿರುವ ಮಗಳಿಗೆ ಬೇಕಂತೆ ಎನ್ನುವವರು ಪುಡಿ ಮಾಡಿಸಿ ಕಳಿಸಿ. ಹಸಿ ಕೊಂಬು, ಬಿತ್ತನೆಬೀಜ, ಹಣ್ಣುಗಳಿಗೆ ಅಲ್ಲಿ ಬಹಳ ಬಿಗಿ. ಇಳಿದಾಗ ಕೊಡುವ ಕಾರ್ಡಿನಲ್ಲಿ ತಿನ್ನುವ ಪದಾರ್ಥ ಇದೆ ಎಂದು ಬರೆದು ತೋರಿಸಿದರೆ ಬೇಡವಾದದ್ದನ್ನು ತೆಗೆದಿಟ್ಟುಕೊಂಡು ಕಳಿಸುತ್ತಾರೆ, ಬರೆಯದೆ ಸಿಕ್ಕಿಬಿದ್ದರೆ ದಂಡ. ನ್ಯೂಜಿಲೆಂಡಿನಲ್ಲಿ ಸ್ಥಳದಲ್ಲೇ 400 ಡಾಲರ್ ವಸೂಲಿ. ಜೇಬಿನಲ್ಲಿ ಮರೆತ ಒಂದು ಬಾಳೆಹಣ್ಣಿಗೂ ಅಷ್ಟೇ.

ಮಾತ್ರೆಗಳಿಗೆ ವೈದ್ಯರ ಚೀಟಿ ಜೊತೆಗಿರಲಿ. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್‌ನಂಥ ನೋವಿನ ಮಾತ್ರೆಗಳಿಗೆ ಯುಎಇಯಲ್ಲಿ ಮುಂಗಡ ಅನುಮತಿ ಬೇಕು.

ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಸೂಟ್‌ಕೇಸಿನಲ್ಲಿ ಎಂದಿಗೂ ಅಲ್ಲ. ಮಿತಿ 100 ವ್ಯಾಟ್-ಅವರ್. 20,000 ಎಂಎಎಚ್ ಅಂದರೆ 74 ವ್ಯಾಟ್-ಅವರ್, ತೊಂದರೆಯಿಲ್ಲ.

ಶುದ್ಧ ಸಸ್ಯಾಹಾರಿಗಳು ಗಮನಿಸಬೇಕಾದದ್ದು: ವಿಮಾನದಲ್ಲಿ ‘ಹಿಂದೂ ಮೀಲ್’ ಎಂದು ಗುರುತು ಹಾಕಿದರೆ ಸಸ್ಯಾಹಾರ ಬರುತ್ತದೆಂಬ ಖಾತ್ರಿ ಇಲ್ಲ. ದನದ ಮಾಂಸ ಇರುವುದಿಲ್ಲ ಎಂಬುದಷ್ಟೇ ಅದರ ಲೆಕ್ಕ. ಕೋಳಿ, ಕುರಿ, ಮೀನು ಬರಬಹುದು. ನೀವು ಕೇಳಬೇಕಾದದ್ದು ‘ಏಷ್ಯನ್ ವೆಜಿಟೇರಿಯನ್’. ಹೊರಡುವುದಕ್ಕೆ ಎರಡು ದಿನ ಮೊದಲೇ ಹೇಳಿಡಿ. ಈರುಳ್ಳಿ, ಬೆಳ್ಳುಳ್ಳಿಯೂ ಬೇಡವೆನ್ನುವವರಿಗೆ ಜೈನರ ಊಟ ಬೇರೆಯೇ ಇದೆ.

ಹುಣಸೂರಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನ ಕೂದಲೆಣ್ಣೆ ಮಾರಲು ಆಫ್ರಿಕಾದವರೆಗೂ ಹೋಗಿಬರುತ್ತಾರೆ ಎಂಬುದು ಎಷ್ಟೋ ಜನರಿಗೆ ತಿಳಿದದ್ದು 2023ರ ಏಪ್ರಿಲ್‌ನಲ್ಲಿ, ಸುಡಾನಿನ ಯುದ್ಧದಲ್ಲಿ ಕರ್ನಾಟಕದ ಹಕ್ಕಿಪಿಕ್ಕಿಗಳು ಸಿಕ್ಕಿಬಿದ್ದಾಗ. ಭಾರತ ಸರ್ಕಾರ ‘ಆಪರೇಷನ್ ಕಾವೇರಿ’ ಎಂಬ ಹೆಸರಿನಲ್ಲಿ ಅಲ್ಲಿದ್ದವರನ್ನು ಪೋರ್ಟ್ ಸುಡಾನಿನಿಂದ ನೌಕಾಪಡೆಯ ಹಡಗು, ವಾಯುಪಡೆಯ ವಿಮಾನಗಳಲ್ಲಿ ಜೆದ್ದಾಕ್ಕೆ ದಾಟಿಸಿ ಊರಿಗೆ ಕರೆತಂದಿತು. ಜೀವ ಉಳಿಸಿಕೊಂಡು ಬೆಂಗಳೂರಿಗೆ ಬಂದಿಳಿದವರಲ್ಲಿ ಕೆಲವರನ್ನು ಹಳದಿ ಜ್ವರದ ಲಸಿಕೆಯ ಪತ್ರವಿಲ್ಲವೆಂದು ಕ್ವಾರಂಟೈನ್‌ನಲ್ಲಿ ಇಡಬೇಕಾಯಿತು. ಆ ಲಸಿಕೆಯನ್ನು ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ ಕೊಡುತ್ತಾರೆ. ಚುಚ್ಚಿಸಿಕೊಂಡ ಹತ್ತು ದಿನದ ಮೇಲಷ್ಟೇ ಪತ್ರಕ್ಕೆ ಬೆಲೆ, ಆಮೇಲೆ ಜೀವಮಾನವಿಡೀ ನಡೆಯುತ್ತದೆ. ಓದುಬರಹ ಕಡಿಮೆಯಿದ್ದೂ ಖಂಡಾಂತರ ವ್ಯಾಪಾರ ಮಾಡುವ ಈ ಜನರಿಗೆ ಹೊರಡುವ ಮೊದಲೇ ಇದನ್ನೆಲ್ಲ ತಿಳಿಸಿಹೇಳುವ ವ್ಯವಸ್ಥೆ ತಾಲ್ಲೂಕು ಮಟ್ಟದಲ್ಲೇ ಆಗಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಹಡಗಿನ ಪ್ರವಾಸಕ್ಕೆ ಬರೋಣ. ವಿ. ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಓದಲು ಹೋದದ್ದು ಹಡಗಿನಲ್ಲಿ. ಅವರ ‘ಸಮುದ್ರ ಗೀತೆಗಳು’ ಹುಟ್ಟಿದ್ದು ಆ ಪಯಣದಿಂದ. ಈಗ ಹಡಗು ಹತ್ತುವವರು ಹೆಚ್ಚಾಗಿ ವಿಹಾರಕ್ಕೆ ಹೋಗುವವರು. ವಿದೇಶದ ಕ್ರೂಸ್ ಹಡಗುಗಳು ಮಂಗಳೂರಿನ ಪಣಂಬೂರಿನಲ್ಲಿರುವ ನವಮಂಗಳೂರು ಬಂದರಿಗೂ ಬರುತ್ತವೆ. ಅವುಗಳ ಪ್ರಯಾಣಿಕರು ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿ ದೇವಸ್ಥಾನ ನೋಡಿ ಅದೇ ದಿನ ಹಡಗಿಗೆ ಮರಳುತ್ತಾರೆ. ನಮ್ಮವರು ಹತ್ತುವುದು ಸಾಮಾನ್ಯವಾಗಿ ಮುಂಬೈ, ಕೊಚ್ಚಿ, ಚೆನ್ನೈಗಳಲ್ಲಿ, ಇಲ್ಲವೇ ಸಿಂಗಪುರಕ್ಕೆ ಹಾರಿ ಅಲ್ಲಿ.

ಮುಂಬೈನಿಂದ ಗೋವಾ, ಲಕ್ಷದ್ವೀಪದ ಕಡೆ ಹೋಗುವ ಹಡಗಿಗೆ ಪಾಸ್‌ಪೋರ್ಟ್ ಬೇಕಿಲ್ಲ, ಭಾವಚಿತ್ರವಿರುವ ಗುರುತಿನ ಚೀಟಿ ಸಾಕು. ಶ್ರೀಲಂಕಾ ಮುಟ್ಟುವುದಾದರೆ ಬೇಕೇ ಬೇಕು. ಸಿಂಗಪುರದಿಂದ ಹೊರಟು ಮಲೇಷ್ಯಾ ನೋಡಿ ಸಿಂಗಪುರಕ್ಕೇ ವಾಪಸಾಗುವ ಹಡಗಿನಲ್ಲಿ ನೀವು ಸಿಂಗಪುರವನ್ನು ಎರಡು ಸಲ ಪ್ರವೇಶಿಸಿದಂತೆ. ಒಂದೇ ಪ್ರವೇಶದ ವೀಸಾ ಇದ್ದವರಿಗೆ ಇದೇ ದೊಡ್ಡ ತಲೆನೋವು, ಹಲವು ಪ್ರವೇಶದ್ದನ್ನೇ ಕೇಳಿ.

ಹಡಗು ಹತ್ತಿದ ದಿನವೇ ಸುರಕ್ಷತಾ ಅಭ್ಯಾಸಕ್ಕೆ ಕರೆಯುತ್ತಾರೆ. ದಯವಿಟ್ಟು ತಪ್ಪಿಸಬೇಡಿ. 2012ರ ಜನವರಿ 13ರಂದು ಇಟಲಿಯ ಕರಾವಳಿಯಲ್ಲಿ ‘ಕೋಸ್ಟಾ ಕಾಂಕೋರ್ಡಿಯಾ’ ಬಂಡೆಗೆ ಬಡಿದು 32 ಜನ ಸತ್ತರು. ಆ ದಿನ ಹತ್ತಿದ ನೂರಾರು ಪ್ರಯಾಣಿಕರಿಗೆ ಅಭ್ಯಾಸ ಇನ್ನೂ ಆಗಿರಲೇ ಇಲ್ಲ. ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಅಭ್ಯಾಸ ಮುಗಿಸಬೇಕೆಂಬ ಅಂತರರಾಷ್ಟ್ರೀಯ ನಿಯಮ 2015ರಿಂದ ಜಾರಿಗೆ ಬಂತು. ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದವಾಗಿ ಸೈರನ್ ಕೂಗಿದರೆ ಲೈಫ್ ಜಾಕೆಟ್ ಹಿಡಿದು ಹೇಳಿದ ಜಾಗಕ್ಕೆ ಹೊರಡಬೇಕು. ಮಕ್ಕಳಿಗೂ ಇದನ್ನು ಕಲಿಸಿ.

ವಾಂತಿ ಬರುವವರು ಕೆಳಗಿನ ಮಹಡಿಯ ನಡುಭಾಗದ ಕೋಣೆ ಕೇಳಿ, ಅಲ್ಲಿ ಓಲಾಟ ಕಡಿಮೆ. ದಡ ಮರೆಯಾದ ಮೇಲೆ ಮೊಬೈಲನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ. ಇಲ್ಲದಿದ್ದರೆ ಅದು ಹಡಗಿನ ಉಪಗ್ರಹ ಸಂಪರ್ಕಕ್ಕೆ ಸೇರಿಕೊಂಡು ಬಿಲ್ ಸಾವಿರಗಟ್ಟಲೆ ಏರುತ್ತದೆ. ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ, ಹಡಗುಗಳಲ್ಲಿ ಹರಡುವ ನೋರೋವೈರಸ್ ಸ್ಯಾನಿಟೈಸರ್‌ಗೆ ಸುಲಭವಾಗಿ ಬಗ್ಗುವುದಿಲ್ಲ. ಬಂದರಿನಲ್ಲಿ ಇಳಿದು ಊರು ನೋಡುವಾಗ ನಿಮ್ಮ ಗಡಿಯಾರ ಹಡಗಿನ ಸಮಯದಲ್ಲೇ ಇರಲಿ. ತಡವಾದವರಿಗಾಗಿ ಕ್ಯಾಪ್ಟನ್ ಕಾಯುವುದಿಲ್ಲ, ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲೇ ಹೋಗಿ ಸೇರಬೇಕು.

ವಿಮಾನ ಇಳಿದ ಮೇಲೆ ಸೂಟ್‌ಕೇಸ್ ಬರಲಿಲ್ಲವೇ? ನಿಲ್ದಾಣ ಬಿಡುವ ಮೊದಲೇ ಕೌಂಟರಿನಲ್ಲಿ ದೂರು ಬರೆಸಿ ಪ್ರತಿ ತೆಗೆದುಕೊಳ್ಳಿ. 1999ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 2009ರಲ್ಲಿ ಸೇರಿದೆ. ಅದರ ಪ್ರಕಾರ ಸಾಮಾನು ಒಡೆದಿದ್ದರೆ 7 ದಿನದೊಳಗೆ, ತಡವಾಗಿ ಸಿಕ್ಕರೆ ಸಿಕ್ಕ ದಿನದಿಂದ 21 ದಿನದೊಳಗೆ ಲಿಖಿತ ದೂರು ಕೊಡಬೇಕು. ಪರಿಹಾರದ ಗರಿಷ್ಠ ಮಿತಿ ಈಗ ಒಂದೂವರೆ ಲಕ್ಷ ರೂಪಾಯಿಗೂ ಮೀರಿದೆ. ಇಷ್ಟು ಹಕ್ಕಿದ್ದೂ ಬಾಯಿಮಾತಿನ ಭರವಸೆ ನಂಬಿ ಮನೆಗೆ ಬಂದು ಕಳೆದುಕೊಳ್ಳುವವರೇ ಹೆಚ್ಚು.

ಒಡವೆ ಹಾಕಿಕೊಂಡು ಹೋಗುವ ಹೆಣ್ಣುಮಕ್ಕಳು ಹೊರಡುವಾಗಲೇ ಕಸ್ಟಮ್ಸ್‌ನಲ್ಲಿ ತೋರಿಸಿ ಪತ್ರ ಮಾಡಿಸಿಕೊಂಡರೆ ವಾಪಸು ಬರುವಾಗ ಇದು ನಮ್ಮದೇ ಎನ್ನಲು ಆಧಾರ. ಒಂದು ವರ್ಷಕ್ಕೂ ಮೀರಿ ವಿದೇಶದಲ್ಲಿದ್ದು ಬರುವವರಿಗೆ ಸುಂಕವಿಲ್ಲದೆ ತರಲು ಬಿಡುವ ಒಡವೆ ಗಂಡಸರಿಗೆ 20 ಗ್ರಾಂ, ಹೆಂಗಸರಿಗೆ 40 ಗ್ರಾಂ.

ಸಿಂಗಪುರ, ಮಲೇಷ್ಯಾ, ಥಾಯ್ಲೆಂಡ್ ಮೂರೂ ಈಗ ಇಳಿಯುವುದಕ್ಕೆ ಮುಂಚಿನ ಮೂರು ದಿನದೊಳಗೆ ಆನ್‌ಲೈನ್ ಅರೈವಲ್ ಕಾರ್ಡ್ ತುಂಬಿಸಿಕೊಳ್ಳುತ್ತವೆ. ಮೂರೂ ಉಚಿತ. ಹಣ ಕೇಳುವ ತಾಣ ಕಂಡರೆ ಅದು ಸರ್ಕಾರದ್ದಲ್ಲ, ಕೂಡಲೇ ಮುಚ್ಚಿ.

ಕೊನೆಗೆ, ಕೆಲಸಕ್ಕೆಂದು ಹೊರಡುವವರಿಗೆ. ಎಸ್ಸೆಸ್ಸೆಲ್ಸಿ ಪಾಸಾಗದವರ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ‘ಇಸಿಆರ್’ ಗುರುತು ಬೀಳುತ್ತದೆ. ಸೌದಿ, ಕುವೈತ್, ಕತಾರ್, ಒಮಾನ್, ಮಲೇಷ್ಯಾ ಸೇರಿ 18 ದೇಶಗಳಿಗೆ ದುಡಿಯಲು ಹೋಗಬೇಕಾದರೆ ಅಂಥವರಿಗೆ ಎಮಿಗ್ರೇಷನ್ ಅನುಮತಿ ಬೇಕು. ಅದು ಅಡ್ಡಿಯಲ್ಲ, ರಕ್ಷಣೆ. ಅದರ ಜೊತೆಗೇ 10 ಲಕ್ಷ ರೂಪಾಯಿಯ ಪ್ರವಾಸಿ ಭಾರತೀಯ ಬಿಮಾ ಸಿಗುತ್ತದೆ. ಪ್ರವಾಸಿ ವೀಸಾದಲ್ಲಿ ಹೋಗು, ಅಲ್ಲಿ ಕೆಲಸಕ್ಕೆ ಬದಲಿಸುತ್ತೇನೆ ಎನ್ನುವ ಏಜೆಂಟನನ್ನು ನಂಬಿದರೆ ಈ ಎರಡೂ ಇಲ್ಲ. ನೋಂದಾಯಿತ ಏಜೆಂಟನ ಸಂಖ್ಯೆ ಸರ್ಕಾರದ ‘ಇ-ಮೈಗ್ರೇಟ್’ ತಾಣದಲ್ಲಿರುತ್ತದೆ. ಅವನು ನಿಮ್ಮಿಂದ ಪಡೆಯಬಹುದಾದ ಗರಿಷ್ಠ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ. ಹಡಗಿನ ಕೆಲಸಕ್ಕಾದರೆ ಪರವಾನಗಿ ಪಡೆದ ಸಂಸ್ಥೆ ನಾವಿಕನಿಂದ ಕೆಲಸ ಕೊಡಿಸಿದ್ದಕ್ಕೆಂದು ಹಣ ಪಡೆಯುವಂತೆಯೇ ಇಲ್ಲ. ಜಮೀನು ಅಡವಿಟ್ಟು ಲಕ್ಷಗಳನ್ನು ಎಣಿಸುವ ಮೊದಲು ಆ ಸಂಖ್ಯೆಯನ್ನು ಒಮ್ಮೆ ಹುಡುಕಿ ನೋಡಿ, ಇಲ್ಲವಾದರೆ ಹಣ ಕೊಡಬೇಡಿ.