ಹಳದಿಗಟ್ಟಿದ ಹೆಡ್‌ಲೈಟು, ಮಕ್ತಲದ ಇರುಳು ದಾರಿ

ರಾಯಚೂರಿನಿಂದ ಹೊರಟು ಶಕ್ತಿನಗರದ ಬಳಿ ಕೃಷ್ಣಾ ನದಿಯನ್ನು ದಾಟಿದರೆ ತೆಲಂಗಾಣದ ನಾರಾಯಣಪೇಟೆ ಜಿಲ್ಲೆ. ಮುಂದೆ ಮಕ್ತಲ್. ಅಲ್ಲಿಂದ ಉತ್ತರಕ್ಕೆ ನಾರಾಯಣಪೇಟೆ, ದಕ್ಷಿಣಕ್ಕೆ ಜುರಾಲಾ ಅಣೆಕಟ್ಟನ್ನು ದಾಟಿ ಗದ್ವಾಲ್. 1956ರ ರಾಜ್ಯ ಪುನರ್ವಿಂಗಡನೆಗೆ ಮುಂಚೆ ಗದ್ವಾಲ್ ರಾಯಚೂರು ಜಿಲ್ಲೆಗೆ ಸೇರಿದ ತಾಲೂಕಾಗಿತ್ತು. ಪೇಟೆಯ ಮಾತು ತೆಲುಗಾದರೂ ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರಿಸುವವರು ಇಲ್ಲಿ ಇಂದಿಗೂ ಇದ್ದಾರೆ.

ಬೇಸಿಗೆಯಲ್ಲಿ ಉಷ್ಣಮಾನ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ರಸ್ತೆ ಬದಿ ನಿಂತ ಕಾರು, ಜೀಪುಗಳ ಮೋರೆಯನ್ನೊಮ್ಮೆ ನೋಡಬೇಕು. ಎಂಟು ಹತ್ತು ವರ್ಷ ಹಳೆಯದಾದ ಬಹುಪಾಲು ವಾಹನಗಳ ಹೆಡ್‌ಲೈಟುಗಳು ಕಾಮಾಲೆ ಹಿಡಿದ ಕಣ್ಣಿನಂತೆ ಹಳದಿ, ಇಲ್ಲವೆ ಪೊರೆ ಬಂದ ಕಣ್ಣಿನಂತೆ ಬೆಳ್ಳಗೆ. ನಾರಾಯಣಪೇಟೆ, ಗದ್ವಾಲ್ ಎರಡೂ ಸೀರೆಗೆ ಹೆಸರಾದ ಊರುಗಳು. ರೇಷ್ಮೆ ಅಂಚಿನ ಸೀರೆಯನ್ನು ಬಿಸಿಲಿಗೆ ಹರವಬಾರದೆಂದು ಅಲ್ಲಿಯ ಪ್ರತಿ ವ್ಯಾಪಾರಿಗೂ ಗೊತ್ತು. ಅದೇ ವ್ಯಾಪಾರಿಯ ಕಾರು ಮಾತ್ರ ದಿನವಿಡೀ ಬಿಸಿಲಿನಲ್ಲೇ!

ಹಿಂದಿನ ಅಂಬಾಸಡರ್, ಫಿಯೆಟ್ ಕಾರುಗಳಿಗೆ ಈ ರೋಗವಿರಲಿಲ್ಲ. ಅವುಗಳದು ಗಾಜಿನ ದೀಪ; ಕಲ್ಲು ತಗುಲಿದರೆ ಒಡೆಯುತ್ತಿತ್ತೇ ಹೊರತು ಹಳದಿಯಾಗುತ್ತಿರಲಿಲ್ಲ. ಈಗಿನದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. 1953ರಲ್ಲಿ ಜರ್ಮನಿ ಹಾಗೂ ಅಮೆರಿಕಗಳಲ್ಲಿ ಒಬ್ಬರಿಗೊಬ್ಬರು ತಿಳಿಯದೆ ಇಬ್ಬರು ರಸಾಯನಜ್ಞರು ಸಿದ್ಧಪಡಿಸಿದ ವಸ್ತುವಿದು. ಹಗುರ, ಗಟ್ಟಿ, ಬೇಕಾದ ಆಕಾರಕ್ಕೆ ಬಗ್ಗುವಂಥದು. ಆದರೆ ಬಿಸಿಲಿನ ನೇರಳಾತೀತ ಕಿರಣಗಳು ಇದರ ಮೇಲ್ಮೈಯ ಅಣುರಚನೆಯನ್ನೇ ಕೆಡಿಸಿ ಹಳದಿ ಬಣ್ಣ ತರುತ್ತವೆ. ಅದಕ್ಕೆಂದೇ ಕಾರ್ಖಾನೆಯವರು ಮೇಲೊಂದು ತೆಳುವಾದ ರಕ್ಷಾಲೇಪ ಕೊಟ್ಟಿರುತ್ತಾರೆ. ಬಿಸಿಲು, ಧೂಳು, ಒಣ ಬಟ್ಟೆಯ ಉಜ್ಜಾಟಗಳಿಂದ ಆ ಲೇಪ ಸವೆದು ಸುಲಿದ ದಿನದಿಂದ ಕೇಡು ಶುರು.

ಇದು ಬರಿಯ ಅಂದಚಂದದ ಮಾತಲ್ಲ. ಅಮೆರಿಕದ ವಾಹನಿಗರ ಸಂಘವಾದ ಎಎಎ 2018ರಲ್ಲಿ ನಡೆಸಿದ ಪರೀಕ್ಷೆಯಲ್ಲಿ, ಮಬ್ಬಾದ ಹೆಡ್‌ಲೈಟುಗಳು ಹೊಸತರ ಐದರಲ್ಲೊಂದು ಪಾಲು ಬೆಳಕನ್ನಷ್ಟೇ ಕೊಟ್ಟವು. ಉಳಿದದ್ದು ಚದುರಿ ಎದುರಿನವನ ಕಣ್ಣು ಕುಕ್ಕಿತು. ಈಗ ಸುಗ್ಗಿಯ ಕಾಲದ ಈ ರಸ್ತೆಗಳನ್ನು ನೆನೆಯಿರಿ. ಹಿಂದಿನ ದೀಪವಿಲ್ಲದ ಟ್ರ್ಯಾಕ್ಟರು, ಹತ್ತಿ ಹೇರಿದ ಗಾಡಿ, ಡಾಂಬರಿನ ಮೇಲೆ ಒಣಹಾಕಿದ ಭತ್ತದ ರಾಶಿ, ರಾಶಿಯ ಸುತ್ತ ಕಾವಲಿಗಿಟ್ಟ ಕಲ್ಲುಗಳು, ಕೆಲವೊಮ್ಮೆ ಪಕ್ಕದಲ್ಲೇ ಮಲಗಿದ ರೈತ. ಐದರಲ್ಲೊಂದು ಪಾಲು ಬೆಳಕಿಗೆ ಇವೆಲ್ಲ ಕಾಣುವುದು ತೀರ ಹತ್ತಿರ ಬಂದ ಮೇಲೆಯೇ.

ಬೆಳಕು ಸಾಲದೆಂದು ಹಲವರು ದೊಡ್ಡ ವಾಟಿನ ಬಲ್ಬು ಹಾಕಿಸುತ್ತಾರೆ. ಇದು ತಲೆನೋವಿಗೆ ಮೊಣಕಾಲಿಗೆ ಪಟ್ಟಿ ಕಟ್ಟಿದಂತೆ. 60/55 ವಾಟಿಗೆಂದು ಮಾಡಿದ ದೀಪದಲ್ಲಿ 100 ವಾಟಿನದು ಉರಿದರೆ ಹೋಲ್ಡರು, ವಯರು ಕರಗುತ್ತವೆ. ಮಬ್ಬು ಇದ್ದಲ್ಲೇ ಇರುತ್ತದೆ. ಟೂತ್‌ಪೇಸ್ಟಿನಿಂದ ಉಜ್ಜುವ ಉಪಾಯವೂ ಬಳಕೆಯಲ್ಲಿದೆ. ಅದರಲ್ಲಿರುವ ನುಣುಪು ಪುಡಿ ಮೇಲುಮೇಲಿನ ಮಬ್ಬನ್ನು ತೆಗೆಯುವುದೇನೋ ನಿಜ, ಆದರೆ ಕೆಲವು ವಾರಗಳಲ್ಲಿ ಮತ್ತೆ ಹಳೆಯ ಪಾಡು. ಸೊಳ್ಳೆಯೌಷಧಿ ಸಿಂಪಡಿಸಿ ಹೊಳಪು ತರಿಸುವವರೂ ಉಂಟು. ಅದು ಪ್ಲಾಸ್ಟಿಕನ್ನೇ ಕರಗಿಸಿ ಬರಿಸಿದ ಹೊಳಪು. ಸರ್ವಥಾ ಕೂಡದು. ಪೆಟ್ರೋಲು, ಥಿನ್ನರುಗಳೂ ಹಾಗೆಯೇ. ಪಾಲಿಕಾರ್ಬೊನೇಟಿನಲ್ಲಿ ಸಣ್ಣ ಬಿರುಕುಗಳೇಳುತ್ತವೆ.

ಸರಿಯಾದ ಕ್ರಮ ಪೈಂಟಿಂಗ್ ಷೆಡ್ಡಿನವರಿಗೆ ತಿಳಿದದ್ದೇ. ದೀಪವನ್ನು ಸೋಪಿನ ನೀರಿನಿಂದ ತೊಳೆದು ಸುತ್ತಲಿನ ಬಣ್ಣಕ್ಕೆ ಮಾಸ್ಕಿಂಗ್ ಟೇಪು ಹಚ್ಚಬೇಕು. ಹಳೆಯ ಲೇಪ ಸುಲಿದಿದ್ದರೆ 800 ನಂಬರಿನ ವಾಟರ್ ಪೇಪರ್, ಇಲ್ಲವಾದರೆ 1000ದಿಂದ ಆರಂಭ. ನೀರು ಹನಿಯುತ್ತಲೇ ಇರಬೇಕು. ಮೊದಲು ಇಳಿಯುವುದು ಹಳದಿ ನೀರು. ಅದು ಬೆಳ್ಳಗಾದಾಗ ಕೆಟ್ಟ ಪದರ ಹೋಯಿತೆಂದು ಲೆಕ್ಕ. ಆಗ ದೀಪವಿಡೀ ಹಾಲಿನಂತೆ ಬೆಳ್ಳಗಾಗಿ, ಕಂಡ ಮಾಲಕನ ಎದೆ ಧಸಕ್ಕೆನ್ನುತ್ತದೆ. ಹೆದರಬೇಕಾದ್ದಿಲ್ಲ. 1500, 2000, 3000 ಎಂದು ಏರುತ್ತ ಹೋಗಿ, ಹಿಂದಿನ ಪೇಪರಿನ ಗೀರು ಪೂರ್ತಿ ಅಳಿದ ಮೇಲೆಯೇ ಮುಂದಿನದಕ್ಕೆ ಕೈಹಾಕಿ, ಕೊನೆಗೆ ರಬ್ಬಿಂಗ್ ಕಾಂಪೌಂಡಿನಿಂದ ತೀಡಿದರೆ ದೀಪ ತಿಳಿಯಾಗುತ್ತದೆ.

ಬಹುತೇಕ ಕಡೆ ಕೆಲಸ ಇಲ್ಲಿಗೇ ನಿಲ್ಲುತ್ತದೆ, ಎಡವಟ್ಟಾಗುವುದೂ ಇಲ್ಲಿಯೇ. ಲೇಪವಿಲ್ಲದ ಬರಿಯ ಪ್ಲಾಸ್ಟಿಕು ಮಕ್ತಲದ ಬಿಸಿಲಿಗೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಆದುದರಿಂದ ನೇರಳಾತೀತ ಕಿರಣ ತಡೆಯುವ, ಹೆಡ್‌ಲೈಟಿಗೆಂದೇ ತಯಾರಾದ ಕ್ಲಿಯರ್ ಕೋಟನ್ನು ನೆರಳಿನಲ್ಲಿ, ಧೂಳಿಲ್ಲದೆಡೆ ಹೊಡೆದು ಪೂರ್ತಿ ಒಣಗಬಿಡಬೇಕು. ಹಾರ್ಡನರ್ ಬೆರೆಸುವ ಬಗೆಯದು ಹೆಚ್ಚು ಬಾಳುತ್ತದೆ. ಆದರೆ ಅದರ ಹಬೆಯಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಹೊಕ್ಕರೆ ಉಬ್ಬಸ ಹತ್ತಬಹುದು. ಮೂಗಿಗೆ ಕರ್ಚೀಫು ಕಟ್ಟಿ ಸ್ಪ್ರೇ ಹೊಡೆಯುವ ಹುಡುಗರನ್ನು ಯಾವ ಊರಿನಲ್ಲೂ ಕಾಣಬಹುದು. ಅದಕ್ಕೆ ಬಟ್ಟೆ ಸಾಲದು, ತಕ್ಕ ಮುಖವಾಡವೇ ಬೇಕು. ಗಿರಾಕಿಯ ದೀಪ ತಿಳಿಯಾಗಲೆಂದು ಕೆಲಸಗಾರನ ಉಸಿರು ಕಟ್ಟಬೇಕೆ?

ಎಎಎ ಪ್ರಕಾರ ಹೀಗೆ ರಿಪೇರಿಯಾದ ದೀಪಗಳಿಗೆ ಹೊಸತರ ಶೇಕಡ 70ರಷ್ಟು ಬೆಳಕು ಮರಳುತ್ತದೆ. ಪೂರ್ತಿ ಬೇಕೆಂದರೆ ಹೊಸತನ್ನೇ ಹಾಕಬೇಕು.

ನಮ್ಮ ಕರಾವಳಿಯವರಿಗೆ ಇನ್ನೊಂದು ಮಾತು. ಇಲ್ಲಿ ಮಳೆಗಾಲದಲ್ಲಿ ದೀಪದ ಒಳಗೇ ನೀರಹಬೆ ಕೂತು ಮಬ್ಬಾಗುವುದುಂಟು. ಹೊರಗೆಷ್ಟು ಉಜ್ಜಿದರೂ ಅದು ಹೋಗದು. ಹಿಂದಿನ ರಬ್ಬರ್ ಮುಚ್ಚಳ, ಅಂಟು ಸೀಲುಗಳನ್ನು ನೋಡಿಸತಕ್ಕದ್ದು. ಮಬ್ಬು ಯಾವ ಕಡೆಯದೆಂದು ತಿಳಿಯಲು ದೀಪದ ಮೇಲೆ ಒಂದು ಚೆಂಬು ನೀರು ಸುರಿದರೆ ಸಾಕು. ಒದ್ದೆಯಾದಷ್ಟು ಹೊತ್ತು ತಿಳಿಯಾಗಿ ಕಂಡರೆ ಕೇಡು ಹೊರಗಿನದು, ವಾಟರ್ ಪೇಪರಿಗೆ ಬಗ್ಗುವಂಥದು.